ಸುಪಿನಾಳ ಅಚ್ಚುಗಳೂ ಯಜಮಾನರ ಮೂಲೆಮಟ್ಟವೂ

ಹದಿನೆಂಟು ವರ್ಷ ಕುರ್ಚಿ ಉಜ್ಜಿದ ಹೆಂಗಸಿಗೆ ತಾನೂ ಒಂದು ಕುರ್ಚಿ ಮಾಡಬೇಕು ಅನ್ನಿಸಿದರೆ ತಪ್ಪೇನು? ತಪ್ಪೇನೂ ಇಲ್ಲ. ಆದರೆ ಜೆಪಾರಾ ಎಂಬ ಊರಿನ ಮರಗೆಲಸದ ಕೊಟ್ಟಿಗೆಗಳಲ್ಲಿ ಗಂಡಸರು ಕೊಯ್ಯುತ್ತಾರೆ, ಕೆತ್ತುತ್ತಾರೆ. ಹೆಂಗಸರು ಚಾಪೆಯ ಮೇಲೆ ಕೂತು ಉಪ್ಪುಕಾಗದದಲ್ಲಿ ಉಜ್ಜುತ್ತಾರೆ. ಯಾರು ಮಾಡಿದ ಕಟ್ಟಳೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಮುರಿಯುತ್ತೇನೆ ಅಂದರೆ ಮಾತ್ರ ಎಲ್ಲರಿಗೂ ಮೈಮೇಲೆ ಬರುತ್ತದೆ.

ಆ ಹೆಂಗಸು ಸುಪಿನಾ, ತನಗೂ ಮರಗೆಲಸ ಕೊಡಿ ಎಂದು ಕೊಟ್ಟಿಗೆಯ ಯಜಮಾನ ಪಾಕ್ ಕಸ್ಮಾದಿಯವರನ್ನು ವರ್ಷಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದಳು. ಪಾಕ್ ಅಂದರೆ ಅಲ್ಲಿ ಹಿರಿಯರನ್ನು ಕರೆಯುವ ಮರ್ಯಾದೆಯ ಮಾತು. ಅವರೂ ವರ್ಷಕ್ಕೊಮ್ಮೆ ತಪ್ಪದೆ "ನೋಡೋಣಮ್ಮ" ಅನ್ನುತ್ತಿದ್ದರು. ಮುಖ ಮುರಿದಂತೆ ಇಲ್ಲ ಅನ್ನುವುದು ಆ ಊರಿನವರ ಜಾಯಮಾನವೇ ಅಲ್ಲ. ಅದಕ್ಕೇ ಅವಳು ಯಾರ ಹಂಗೂ ಬೇಡವೆಂದು ಮನೆಯ ಹಿತ್ತಲಲ್ಲಿ ತಾನೇ ಅಭ್ಯಾಸಕ್ಕೆ ಕೂತಳು.

ಕೈಗೆ ಪಾಠ ಹೇಳಲು ಗುರುವಿಲ್ಲ. ಹಾಗಾಗಿ ಕೈ ದಾರಿ ತಪ್ಪದಂತೆ ಹಿಡಿದು ನಿಲ್ಲಿಸುವ ಅಚ್ಚುಗಳನ್ನು ಚೂರುಪಾರು ಮರದಲ್ಲಿ ಕಟ್ಟಿಕೊಂಡಳು. ಮೊದಲನೆಯದು ಒಂದು ಹಲಗೆ, ಅದರ ಮೇಲೆ ಎರಡು ಗಿಡ್ಡ ಗೋಡೆ, ಗೋಡೆಗಳಲ್ಲಿ ಗರಗಸ ನೆಟ್ಟಗೆ ಓಡಾಡುವಷ್ಟು ಸೀಳು. ಆ ಸೀಳನ್ನು ನೇರ ಮಾಡಲು ಮೂಲೆಮಟ್ಟ ಎಲ್ಲಿಂದ ತರುವುದು? ಅನ್ನ ಕಟ್ಟಿಸಿಕೊಂಡು ಬಂದ ಕಂದುಕಾಗದವನ್ನು ಮಡಿಸಿದಳು, ಮಡಿಕೆಯ ಮೇಲೆ ಮಡಿಕೆ ಕೂರುವಂತೆ ಇನ್ನೊಮ್ಮೆ ಮಡಿಸಿದಳು. ಸರಿಯಾದ ಮೂಲೆ ಬಂತು, ಕಾಸು ಖರ್ಚಿಲ್ಲ. ಎರಡನೆಯದು ಉಳಿಯ ಬೆನ್ನಿಗೆ ಆಸರೆ ಕೊಡುವ ದಪ್ಪ ತುಂಡು, ತೂತು ಓರೆಯಾಗದಿರಲಿ ಎಂದು. ದಿನಕ್ಕೆ ನಲವತ್ತು ಗೂಟ ಕೊಯ್ಯುವುದು, ಅವು ಬಿಗಿಯಾಗಿ ಕೂರಲು ನಲವತ್ತು ತೂತು ತೋಡುವುದು, ಕೂಡಿಸಿ ನೋಡುವುದು, ಒಲೆಗೆ ಹಾಕುವುದು. ಒಂದು ವರ್ಷ ಆ ಮನೆಯಲ್ಲಿ ಸೌದೆ ಕೊಳ್ಳಲಿಲ್ಲ.

ಹುಚ್ಚು ಅಲ್ಲಿಗೇ ನಿಂತಿದ್ದರೆ ಗಂಡ ದರ್ಸೊನೊ ಬಚಾವಾಗುತ್ತಿದ್ದ. ಅಚ್ಚು ಮಾಡಲಿಕ್ಕೊಂದು ಅಚ್ಚು ಬಂತು. ಅದನ್ನು ತೂಗುಹಾಕಲು ಗೂಟದ ಹಲಗೆ, ಆ ಹಲಗೆಗೆ ತೂತು ಕೊರೆಯಲು ಮತ್ತೊಂದು ಅಚ್ಚು. ಕೊನೆಗೆ ಟೆಂಪೆ ಹೆಚ್ಚುವುದಕ್ಕೂ ಒಂದು ಅಚ್ಚಾಯಿತು. ಸೋಯಾ ಕಾಳಿನ ಆ ಬಿಲ್ಲೆಗಳೆಲ್ಲ ಈಗ ಒಂದೇ ದಪ್ಪ.

"ಮೊದ್ಲೆಲ್ಲ ದಪ್ಪನಾದ್ದು ನೋಡಿ ಎತ್ಕೊತಿದ್ದೆ ಕಣೇ," ಎಂದ ಗಂಡ ತಟ್ಟೆ ನೋಡುತ್ತಾ. "ಈಗ ಆ ಸುಖಾನೂ ಕಿತ್ಕೊಂಡೆ."

ಈ ನಡುವೆ ಕೊಟ್ಟಿಗೆಯ ಬಡಗಿಯೊಬ್ಬ ಮಗಳ ಬಾಣಂತನಕ್ಕೆಂದು ಹೋದವನು ಅಲ್ಲೇ ಅಳಿಯನ ಅಂಗಡಿಯಲ್ಲಿ ಉಳಿದುಬಿಟ್ಟ. ಅವನ ಕೆಲಸದ ಮೇಜು ಖಾಲಿಯಾಯಿತು. ಸುಪಿನಾ ಅವಧಿಗೆ ಮುಂಚೆಯೇ ಹೋಗಿ ಕೇಳಿದಳು. ಪಾಕ್ ಕಸ್ಮಾದಿಯವರಿಗೆ ಈ ಸಲ ನುಣುಚಿಕೊಳ್ಳಲು ಆಗಲಿಲ್ಲ.

"ಒಂದು ಕುರ್ಚಿ ಮಾಡ್ಕೊಂಡು ಬಾ," ಅಂದರು. "ನಮ್ಮಪ್ಪನ ಮೂಲೆಮಟ್ಟ ಒಪ್ಪಿದ್ರೆ ಮೇಜು ನಿಂದು. ಒಪ್ದಿದ್ರೆ ಈ ಮಾತು ಇನ್ನು ಎತ್ಬಾರ್ದು."

ಆ ಮೂಲೆಮಟ್ಟದ ವಿಷಯ ಹೇಳಲೇಬೇಕು. ಮರದ ಹಿಡಿ, ಕಬ್ಬಿಣದ ಪಟ್ಟಿ, ಯಜಮಾನರ ತಂದೆಯ ಕೈಯಲ್ಲಿ ಆಡಿದ್ದು. ಪ್ರತಿ ವರ್ಷ ಮೊದಲ ತಿಂಗಳಾದ ಸುರೋದಲ್ಲಿ, ಬೇರೆ ಮನೆಗಳಲ್ಲಿ ಹಿರಿಯರ ಕ್ರಿಸ್ ಕತ್ತಿಗೆ ಮಜ್ಜನ ಮಾಡಿಸುವಂತೆ, ಇವರು ಅದಕ್ಕೆ ನಿಂಬೆರಸ, ಇಟ್ಟಿಗೆಪುಡಿ ಹಾಕಿ ತಿಕ್ಕಿ, ಮಲ್ಲಿಗೆ ಎಣ್ಣೆ ಸವರಿ, ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಮೂವತ್ತು ವರ್ಷದ ಭಕ್ತಿಗೆ ಪಟ್ಟಿಯ ಅಂಚು ಸವೆದು ಮೂಲೆ ಓರೆಯಾಗಿತ್ತು. ಒಂದು ಕೂದಲೆಳೆಯಷ್ಟು, ಆದರೆ ಓರೆ ಓರೆಯೇ. ಕೊಟ್ಟಿಗೆಯ ಕೆಲಸಕ್ಕೆಲ್ಲ ಅದೇ ಅಳತೆ. ಅದರಿಂದ ಗೆರೆ ಎಳೆದು ಕೊಯ್ದ ಗೂಟಗಳೆಲ್ಲ ಒಂದೇ ಬದಿಗೆ ಬಾಯಿ ಬಿಡುತ್ತಿದ್ದವು. ಆ ಬಾಯಿಗೆ ಮರದ ಹೊಟ್ಟು, ಅಂಟು ಕಲಸಿ ತುಂಬಿ ಮುಚ್ಚುವುದು ಚಾಪೆಯ ಮೇಲಿನ ಹೆಂಗಸರ ಪಾಲಿನ ಕೆಲಸ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಬಡಗಿಗಳಿಗೆಲ್ಲ ಗೊತ್ತಿತ್ತು, ಹೊಟ್ಟು ತುಂಬುವ ಸುಪಿನಾಳಿಗೂ ಗೊತ್ತಿತ್ತು. ಆದರೆ ತೀರಿಕೊಂಡ ತಂದೆಯ ವಸ್ತು ಸೊಟ್ಟಗಿದೆ ಎಂದು ಮಗನ ಮುಂದೆ ಹೇಳುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಈಗ ಅವಳು ನೆಟ್ಟಗಿನ ಕುರ್ಚಿ ಮಾಡಿದರೆ ಸೋಲುತ್ತಾಳೆ, ಸೊಟ್ಟ ಮಾಡಿದರೆ ಗೆಲ್ಲುತ್ತಾಳೆ.

ದರ್ಸೊನೊ ಕ್ಷಣವೂ ಯೋಚಿಸದೆ ಸೊಟ್ಟ ಮಾಡು ಎಂದ. ಹದಿನೆಂಟು ವರ್ಷ ಕಾದಿದ್ದೀಯ, ಮೇಜಿಗೆ ಹೋಗಿ ಕೂತಮೇಲೆ ನೆಟ್ಟಗೆ ಮಾಡುವಿಯಂತೆ ಎಂದ. ಬುದ್ಧಿವಂತರ ಮಾತೇ. ಅವಳೂ ಅಚ್ಚಿನ ಗೋಡೆಗೆ ಒಂದು ಕಾಗದದ ಚೂರು ತುರುಕಿ ಓರೆ ಮಾಡಿ ಒಂದು ಕಾಲಿನ ಗೂಟ ಕೊಯ್ದಳು. ಕೂಡಿಸಿ ನೋಡಿದಳು. ಹದಿನೆಂಟು ವರ್ಷ ಹೊಟ್ಟು ತುಂಬಿದ ಅದೇ ಬಾಯಿ, ಅದೇ ಬದಿಯಲ್ಲಿ, ಈಗ ತನ್ನದೇ ಕೈಯಿಂದ. ಅವಳಿಗೆ ಅಳುವೇ ಬಂತು. ಕಾಲನ್ನು ಒಲೆಗೆ ತುರುಕಿ, ಕಾಗದ ಕಿತ್ತೆಸೆದು, ಹೊಸ ಮರ ಹಿಡಿದಳು.

ಕುರ್ಚಿ ಕೊಟ್ಟಿಗೆಗೆ ಬಂದಾಗ ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ಕೂಡಿದ ಕಡೆ ಉಗುರು ಹೋಗುವ ಸಂದಿಯಿಲ್ಲ. ಪಾಕ್ ಕಸ್ಮಾದಿ ಬಿಳಿ ಬಟ್ಟೆ ಬಿಚ್ಚಿ ಮೂಲೆಮಟ್ಟ ತೆಗೆದು, ಕುರ್ಚಿಯ ಕಾಲಿಗೂ ಅಡ್ಡಮರಕ್ಕೂ ಒತ್ತಿ ಹಿಡಿದರು. ನಡುವೆ ಬೆಳಕಿನ ಒಂದು ಗೆರೆ ಕಂಡಿತು.

"ಒಂದು ಕೂದಲು ತಪ್ಪಿದೆ," ಅಂದರು. ಬೇಸರದಿಂದಲೇ ಅಂದರು, ಪಾಪ.

ಬಡಗಿಗಳು ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು.

"ತಪ್ಪು ನಂದೇ ಇರ್ಬೇಕು ಪಾಕ್," ಎಂದಳು ಸುಪಿನಾ. "ಮಟ್ಟ ಒಂದ್ಗಳಿಗೆ ಕೊಡಿ. ನನ್ನ ಅಚ್ಚು ಸರಿ ಮಾಡ್ಕೊತೀನಿ."

ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಒಂದು ಹಲಗೆಯ ಅಂಚಿಗೆ ಆನಿಸಿ, ಸೀಸದ ಕಡ್ಡಿಯಲ್ಲಿ ಗೆರೆ ಎಳೆದಳು. ಮಟ್ಟವನ್ನು ಮಗುಚಿ, ಅದೇ ಜಾಗದಿಂದ ಇನ್ನೊಂದು ಗೆರೆ ಎಳೆದಳು. ಮಟ್ಟ ಸರಿಯಿದ್ದರೆ ಎರಡು ಗೆರೆ ಒಂದರ ಮೇಲೊಂದು ಕೂರಬೇಕು. ಬುಡದಲ್ಲಿ ಕೂಡಿದ್ದವು, ತುದಿಗೆ ಹೋಗುತ್ತಾ ಬೇರೆಯಾದವು. ಅವಳು ಹಲಗೆಯನ್ನು ಅವರ ಕಡೆ ತಿರುಗಿಸಿಟ್ಟಳು.

ಮುದುಕ ಯಜಮಾನರು ಬಗ್ಗಿ ಗೆರೆಗಳನ್ನು ನೋಡಿದರು. ಆಮೇಲೆ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳು ಎಳೆದರು, ತುದಿಯಲ್ಲಿ ನಿಂತರು. ಎಷ್ಟು ದಿನದಿಂದ ಹೀಗಿದೆ ಎಂದು ಬಡಗಿಗಳನ್ನು ಕೇಳಿದರು. ಒಬ್ಬ ಕೆಮ್ಮಿದ. ಇನ್ನೊಬ್ಬ ಬಹಳ ದಿನ ಆಯಿತು ಎಂದು ಗೊಣಗಿದ.

"ನಿಂಗೂ ಗೊತ್ತಿತ್ತಾ?" ಎಂದು ಸುಪಿನಾಳನ್ನು ಕೇಳಿದರು.

"ಹೂಂ ಪಾಕ್."

"ಮತ್ತೆ ಇಷ್ಟು ವರ್ಷ ಏನ್ ಮಾಡ್ತಿದ್ದೆ?"

"ಉಜ್ಜುತ್ತಿದ್ದೆ."

ಅವಳು ಕುಟುಕಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ಆದರೆ ಮುದುಕರ ಮುಖ ಸಣ್ಣಗಾಯಿತು. ಮೇಜು ಕೈಗೆ ಬಂತೆಂಬ ಸಂತೋಷ ಆ ಗಳಿಗೆಯಲ್ಲಿ ಅವಳ ಹತ್ತಿರವೂ ಸುಳಿಯಲಿಲ್ಲ.

ಅವರು ಮೂಲೆಮಟ್ಟವನ್ನು ಬಟ್ಟೆಯಲ್ಲಿ ಸುತ್ತಿ, ತಂದೆಯ ಪಟದ ಕೆಳಗಿಟ್ಟು ಬಂದರು. ಖಾಲಿ ಮೇಜನ್ನು ತಮ್ಮ ಹೆಗಲ ವಸ್ತ್ರದಿಂದಲೇ ಒರೆಸಿ, ಕುರ್ಚಿಯನ್ನು ಅದರ ಮುಂದೆ ಎಳೆದಿಟ್ಟು, ಕೂತುಕೋ ಎಂದು ಕೈ ತೋರಿಸಿದರು. ಅವಳು ಕೂತಳು. ಅವರು ಮಾತ್ರ ಹೋಗದೆ ಅಲ್ಲೇ ನಿಂತಿದ್ದರು.

"ಮಟ್ಟ ಹೊಸದು ತಂದ್ಬಿಡ್ಬಹುದು," ಅಂದರು, ಇತರರಿಗೆ ಕೇಳದಷ್ಟು ಮೆಲ್ಲಗೆ. "ನನ್ನ ಕೈಯೇ ಸೊಟ್ಟ ಕಲಿತುಬಿಟ್ಟಿದೆಯಲ್ಲಮ್ಮ. ಗರಗಸದ ಅಚ್ಚು ಏನೋ ಮಾಡಿದೀಯಂತಲ್ಲ, ನಂಗೂ ತೋರಿಸ್ತೀಯಾ?"

ಸುಪಿನಾ ಎದ್ದು ನಿಂತಳು.

"ನಾಳೆ ಏಳು ಗಂಟೆಗೆ ನಮ್ಮ ಹಿತ್ತಲಿಗೆ ಬನ್ನಿ ಪಾಕ್," ಎಂದಳು. "ಮೊದಲನೇ ದಿನ ನಲವತ್ತೂ ಒಲೆಗೇ ಹೋಗುತ್ತೆ, ಬೇಜಾರು ಮಾಡ್ಕೋಬಾರ್ದು."