ಬರುತ್ತದೆ ಎಂದು ನಾನು ಹೇಳಿದ್ದ ಕ್ಯಾಮೆರಾ

ಶಬಾನಾ, ನಾನು ಸುಳ್ಳು ಹೇಳಿದ್ದೆ. ಕಂಪನಿ ಸುಧಕ್ಕನಿಗೂ ಮೋಸ ಮಾಡಿತು, ಪಾಪ, ಅವಳಿಗೇನು ಗೊತ್ತಿತ್ತು — ಇಷ್ಟು ವರ್ಷ ನೀವೆಲ್ಲ ನಂಬಿಕೊಂಡು ಬಂದದ್ದು ಇದನ್ನೇ. ನಿಜ ಹಾಗಿಲ್ಲ. ನಿನ್ನ ಅಬ್ಬಾಗೆ ಆ ಮಾತು ಹೇಳಿದ ದಿನ ನನಗೆ ಎಲ್ಲವೂ ಗೊತ್ತಿತ್ತು.

ಮೈಸೂರಿನಿಂದ ಶಾಮ್‌ಬರ್ಗ್‌ಗೆ ಬಂದ ಹೊಸತರಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಸಿಕ್ಕಿದ ಮೊದಲ ಕೆಲಸ ಆ ಜರ್ಮನ್ ಕ್ಯಾಮೆರಾ ಕಂಪನಿಯ ಅಮೆರಿಕದ ಆಫೀಸಿನಲ್ಲಿ. ಅಂಗಡಿಯವರ, ಫೋಟೊಗ್ರಾಫರುಗಳ ಫೋನಿಗೆ ಉತ್ತರ ಕೊಡುವುದು. ಒಂದು ಮಧ್ಯಾಹ್ನ ಮಿಷಿಗನ್‌ನ ಕ್ಯಾಂಟನ್‌ನಿಂದ ಸ್ಟುಡಿಯೋದವರೊಬ್ಬರು ಲೆನ್ಸ್ ವಿಚಾರಕ್ಕೆ ಫೋನ್ ಮಾಡಿದರು. ನನ್ನ ಹೆಸರು ಕೇಳಿದವರೇ ಇಂಗ್ಲಿಷ್ ಬಿಟ್ಟು, "ಯಾವೂರಮ್ಮ ನಿಮ್ದು?" ಎಂದರು. ಅವರೇ ನಿನ್ನ ಅಬ್ಬಾ. ನನ್ನ ಪಾಲಿನ ಇಕ್ಬಾಲ್ ಅಂಕಲ್.

ಆ ಕಂಪನಿಯ ಏಳಿಗೆಯ ಕಥೆ ನಾನು ಕಲಿತದ್ದು ಆಫೀಸಿನವರಿಂದಲ್ಲ, ಅಂಕಲ್ ಅವರಿಂದ. ಚನ್ನಪಟ್ಟಣದಲ್ಲಿ ನಿನ್ನ ತಾತನದೂ ಒಂದು ಸ್ಟುಡಿಯೋ. "ನಮ್ಮಪ್ಪ ಬೆಂಗಳೂರಿಂದ ಈ ಕ್ಯಾಮೆರಾ ತಂದಾಗ ಊರಿಗೆ ಊರೇ ಬಂತಮ್ಮ ಫೋಟೊ ತೆಗೆಸ್ಕೊಳ್ಳೋಕೆ," ಎನ್ನುತ್ತಿದ್ದರು. "ಜರ್ಮನಿದು ಅಂದ್ರೆ ಮುಗೀತು, ಬೇರೆ ಮಾತಿಲ್ಲ." ಸಣ್ಣ ಊರಿನ ಒಂದು ಶೆಡ್ಡಿನಲ್ಲಿ ಶುರುವಾದ ಕಂಪನಿ ಪತ್ರಿಕೆಯವರ, ಮದುವೆಮನೆಗಳ, ಅರಮನೆಗಳ ಕ್ಯಾಮೆರಾ ಆದದ್ದನ್ನು ಅವರು ಸ್ವಂತ ಮನೆತನದ ಕಥೆಯಂತೆ ಹೇಳುತ್ತಿದ್ದರು. ಜಪಾನಿನವರು ಬಂದು ಅದರ ಮಾರುಕಟ್ಟೆ ಕಿತ್ತುಕೊಂಡದ್ದನ್ನು, ಅದು ಒಬ್ಬ ಮಾಲೀಕನಿಂದ ಇನ್ನೊಬ್ಬನ ಕೈಗೆ ಹೋದದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ.

ಆ ವರ್ಷ ರಂಜಾನಿಗೆ ನಿಮ್ಮ ಮನೆಗೆ ಬಂದೆ. ನಿನ್ನ ಅಮ್ಮ ನನಗೆಂದೇ ಬೇರೆ ಪಾತ್ರೆಯಲ್ಲಿ ತರಕಾರಿ ಪಲಾವ್ ಮಾಡಿಟ್ಟಿದ್ದರು. ಬಂದವರಿಗೆಲ್ಲ ಅಂಕಲ್ ನನ್ನನ್ನು ಪರಿಚಯಿಸಿದ್ದು ಹೇಗೆ ಗೊತ್ತಲ್ಲ — "ಕಂಪನೀಲಿ ದೊಡ್ಡ ಕೆಲ್ಸದಲ್ಲಿದಾಳೆ, ನಮ್ ಹುಡುಗಿ." ಫೋನ್ ಎತ್ತುವವಳು ನಾನು ಎಂದು ತಿದ್ದಬಹುದಿತ್ತು. ತಿದ್ದಲಿಲ್ಲ. ಹಿತವಾಗಿತ್ತು.

ಎರಡು ವರ್ಷದ ನಂತರ ತರಬೇತಿಗೆಂದು ನಮ್ಮಲ್ಲಿ ಕೆಲವರನ್ನು ಜರ್ಮನಿಗೆ ಕಳುಹಿಸಿದರು. ಕಾರ್ಖಾನೆಯಲ್ಲಿ ಲೆನ್ಸ್ ಉಜ್ಜುವ ಹಾಲ್ ಇತ್ತಲ್ಲ, ಅಂಕಲ್ ಒಮ್ಮೆಯಾದರೂ ನೋಡಬೇಕು ಎನ್ನುತ್ತಿದ್ದದ್ದು — ಅದರ ಅರ್ಧ ಬೆಂಚುಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಕೂರುವವರಿರಲಿಲ್ಲ. ಉಳಿದ ಅರ್ಧದಲ್ಲಿ ತಲೆ ನರೆತವರು ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ವಾಪಸು ಬಂದು ಅಂಕಲ್‌ಗೆ ನಾನು ವರ್ಣಿಸಿದ್ದು ಆ ಉಳಿದ ಅರ್ಧವನ್ನು ಮಾತ್ರ. ಅವರ ಖುಷಿ ನೋಡಿ... ಸುಳ್ಳು ಶುರುವಾದದ್ದು ಅಲ್ಲೇ ಇರಬೇಕು.

ಅಷ್ಟರಲ್ಲಿ ಡಿಜಿಟಲ್ ಬಂದಿತ್ತು. ಹಳೆಯ ಫಿಲ್ಮ್ ಕ್ಯಾಮೆರಾದ ಹಿಂಬದಿಗೆ ಸಿಕ್ಕಿಸಿದರೆ ಅದೇ ಡಿಜಿಟಲ್ ಆಗುವಂಥ ಒಂದು ಪೆಟ್ಟಿಗೆ ಮಾಡುತ್ತೇವೆ, ಕಾಯಿರಿ, ಎಂದು ಕಂಪನಿ ಎಲ್ಲರಿಗೂ ಹೇಳಿತ್ತು. ಕಾಯೋಣ ಎಂದ ಅಬ್ಬಾಗೆ, ಅವರ ಸ್ಟುಡಿಯೋದಲ್ಲೇ ಕೆಲಸ ಮಾಡುತ್ತಿದ್ದ ನೀನು ಬೇಡ ಎಂದೆ. ಮದುವೆಯವರು ಮರುದಿನವೇ ಸಿ.ಡಿ. ಕೇಳುತ್ತಾರೆ, ಈಗಲೇ ಜಪಾನಿನ ಡಿಜಿಟಲ್ ಕ್ಯಾಮೆರಾ ತಗೊಳ್ಳೋಣ ಎಂದೆ. ಅಪ್ಪ ಮಗಳಿಗೆ ವಾರಗಟ್ಟಲೆ ವಾದ.

ಅದೇ ದಿನಗಳಲ್ಲಿ ಜರ್ಮನಿಯಿಂದ ಬಂದ ಮ್ಯಾನೇಜರ್ ಬಾಗಿಲು ಹಾಕಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದ: ಆ ಪೆಟ್ಟಿಗೆಯ ಕೆಲಸ ನಿಲ್ಲಿಸಿದ್ದೇವೆ, ಅದು ಬರುವುದಿಲ್ಲ, ಹೊರಗೆ ಯಾರಿಗೂ ಹೇಳಬೇಡಿ. ಅದೇ ವಾರ ಅಂಕಲ್ ಫೋನ್ ಮಾಡಿದರು. ನೀನೂ ಕೇಳಿಸಿಕೊಳ್ಳಲಿ ಎಂದು ಸ್ಪೀಕರ್ ಹಾಕಿದ್ದರು.

"ಸುಧಾ, ನಿಜ ಹೇಳಮ್ಮ. ಅದು ಬರುತ್ತೋ ಇಲ್ವೋ?"

ಗೊತ್ತಿಲ್ಲ ಅಂಕಲ್ ಎಂದಿದ್ದರೆ ಸಾಕಿತ್ತು. ಮ್ಯಾನೇಜರನ ಆಜ್ಞೆಯೂ ಉಳಿಯುತ್ತಿತ್ತು, ನನ್ನ ಕೆಲಸವೂ. ಆದರೆ ದೊಡ್ಡ ಕೆಲಸದಲ್ಲಿರುವ ಹುಡುಗಿಗೆ ಗೊತ್ತಿಲ್ಲ ಎಂದರೆ —

"ಬರುತ್ತೆ ಅಂಕಲ್," ಎಂದೆ. "ಜರ್ಮನೀಲಿ ನಾನೇ ಕಣ್ಣಾರೆ ನೋಡಿದೀನಿ."

ಕಣ್ಣಾರೆ! ಅದನ್ನು ಸೇರಿಸು ಎಂದು ನನಗೆ ಯಾರೂ ಹೇಳಿರಲಿಲ್ಲ.

"ಕೇಳಿಸ್ಕೊಂಡ್ಯಾ?" ಎಂದು ಅಂಕಲ್ ನಿನಗೆ ಹೇಳಿದ್ದು ನನಗೂ ಕೇಳಿಸಿತು. ಫೋನ್ ಇಟ್ಟ ಮೇಲೆ ನೀನು ಅವರ ಮೇಲೆ ಕೂಗಾಡಿದ್ದು ನನಗೆ ಆಮೇಲೆ ತಿಳಿಯಿತು. ಆ ಬೇಸಿಗೆಯಲ್ಲೇ ನೀನು ಕ್ಯಾಂಟನ್ ಬಿಟ್ಟೆ. ನಾನಿದ್ದ ಊರಿನ ಹತ್ತಿರದ ನೇಪರ್‌ವಿಲ್‌ನ ಯಾರದೋ ಸ್ಟುಡಿಯೋದಲ್ಲಿ ಸ್ಕೂಲ್ ಮಕ್ಕಳ ಫೋಟೊ ತೆಗೆಯುವ ಕೆಲಸಕ್ಕೆ ಸೇರಿದೆ. ಎರಡು ಈದ್‌ಗೆ ಮನೆಗೆ ಹೋಗಲಿಲ್ಲ. "ಹಟಮಾರಿ, ದೊಡ್ಡೋರ ಮಾತು ಕೇಳಲ್ಲ," ಎಂದು ಆಂಟಿ ಫೋನಿನಲ್ಲಿ ಅತ್ತಾಗ ನಾನು ಸಮಾಧಾನ ಹೇಳಿದೆ. ನಿಜ ಹೇಳಲಿಲ್ಲ.

ಪೆಟ್ಟಿಗೆ ಬರಲಿಲ್ಲ. ಕ್ಯಾಂಟನ್‌ನ ಸ್ಟುಡಿಯೋಗೆ ಮದುವೆಗಳು ಬರುವುದೂ ನಿಂತಿತು. ಕೊನೆಗೊಂದು ದಿನ ಕಂಪನಿಯೇ ದಿವಾಳಿಯಾಗಿ, ನಮ್ಮ ಆಫೀಸಿಗೂ ಬೀಗ ಬಿತ್ತು.

ಇನ್ನು ಹೇಳುವುದು ನನಗೆ ಅತಿ ಕಷ್ಟದ್ದು. ಸುದ್ದಿ ತಿಳಿದ ಮೂರನೆಯ ದಿನ ಅಂಕಲ್, ಆಂಟಿ ಅಷ್ಟು ದೂರ ಡ್ರೈವ್ ಮಾಡಿಕೊಂಡು ನನ್ನ ಅಪಾರ್ಟ್‌ಮೆಂಟಿಗೆ ಬಂದರು. ಆಂಟಿ ಅದೇ ಪಲಾವ್ ಕಟ್ಟಿ ತಂದಿದ್ದರು. "ನಿನಗೂ ಹೇಳ್ದೆ ಮುಚ್ಚಿಟ್ರಲ್ಲಮ್ಮ, ನಾಚಿಕೆ ಇಲ್ಲದೋರು," ಎಂದು ಅಂಕಲ್ ನನ್ನ ತಲೆ ಮೇಲೆ ಕೈ ಇಟ್ಟರು. ನಾನು ಅತ್ತೆ. ನನ್ನ ಅಳುವಿಗೆ ಅವರು ಕೊಟ್ಟ ಅರ್ಥವನ್ನು ಹಾಗೇ ಬಿಟ್ಟೆ. ಅಷ್ಟೇ ಅಲ್ಲ, ಅಂಕಲ್ ತಾವು ಮದುವೆ ಫೋಟೊ ತೆಗೆದಿದ್ದ ಇಲ್ಲಿನ ಡಾಕ್ಟರೊಬ್ಬರಿಗೆ ಹೇಳಿ ಅವರ ಕ್ಲಿನಿಕ್ಕಿನಲ್ಲಿ ನನಗೆ ಕೆಲಸವನ್ನೂ ಕೊಡಿಸಿದರು. ಇಂದಿಗೂ ನನ್ನ ಅನ್ನ ಅಲ್ಲಿನದೇ. ನಾನು ಮುಳುಗಿಸಿದ ಮನುಷ್ಯ ನನ್ನನ್ನು ದಡ ಸೇರಿಸಿದ, ಶಬಾನಾ.

ಆಮೇಲಿನದು ಒಳ್ಳೆಯ ಕಾಲ. ನೀನು ಪ್ಲೇನ್‌ಫೀಲ್ಡ್‌ನಲ್ಲಿ ಸ್ವಂತ ಸ್ಟುಡಿಯೋ ತೆರೆದೆ. ಬಿಗುಮಾನ ಬಿಟ್ಟು ಹೋಗಿ ಅಪ್ಪ ಅಮ್ಮನನ್ನು ಕರೆತಂದೆ. ಈಗ ಅಂಕಲ್ ನಿನ್ನ ಡಿಜಿಟಲ್ ಕ್ಯಾಮೆರಾ ಹಿಡಿದು, ಅಳುವ ಕೂಸುಗಳನ್ನು ನಗಿಸಿ ಫೋಟೊ ತೆಗೆಯುವುದನ್ನು ನೋಡುವುದೇ ಒಂದು ಸಂತೋಷ. ನಾವು ಈಗ ಇರುವ ವುಡ್‌ರಿಡ್ಜ್‌ನಿಂದ ಭಾನುವಾರದ ಊಟಕ್ಕೆ ಬರುತ್ತೇವೆ. ನನ್ನ ಮಗ ನಿಮ್ಮ ಸೋಫಾದ ಮೇಲೇ ನಿದ್ದೆ ಹೋಗುತ್ತಾನೆ. ಇಷ್ಟು ಸುಖವಾಗಿರುವಾಗ ಹಳೆಯದನ್ನು ಕೆದಕುವುದೇಕೆ ಎಂದು ನಾನೂ ಅಂದುಕೊಂಡಿದ್ದೆ.

ಆದರೆ ಕಳೆದ ಭಾನುವಾರ, ಹೊಸದಾಗಿ ಬಂದ ನೆಂಟರಿಗೆ ನೀನು ನಗುತ್ತಾ ಹೇಳಿದೆ: "ತಪ್ಪು ನಂದೇ ಬಿಡಿ, ನಾನು ಅವತ್ತು ಅಬ್ಬಾ ಮೇಲೆ ಅಷ್ಟು ಕೂಗಾಡ್ಬಾರ್ದಿತ್ತು. ಪಾಪ, ಸುಧಕ್ಕಂಗೇ ಮೋಸ ಮಾಡಿದ್ರು." ನಾನು ತಲೆ ತಗ್ಗಿಸಿ ಮೊಸರನ್ನ ಕಲಸಿದೆ.

ಮರುದಿನ ಸಂಜೆ ನಿಮ್ಮ ಬಡಾವಣೆಯ ಕೆರೆಯ ಸುತ್ತ ಅಂಕಲ್ ಜೊತೆ ನಡೆಯುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಿಂತರು.

"ನೀನು ಗೊತ್ತಿಲ್ಲ ಅಂದಿದ್ರೂ ನಾನು ಅವಳ ಮಾತು ಕೇಳ್ತಿದ್ನೋ ಇಲ್ವೋ," ಎಂದರು. ಅದು ಅವರ ದೊಡ್ಡತನ. ಅದರ ಹಿಂದೆ ನಾನು ಅವಿತುಕೊಳ್ಳುವುದಿಲ್ಲ. ಆಮೇಲೆ, ನನ್ನ ಮುಖ ನೋಡದೆ, "ನಿನ್ನ ಮಾತು ಹಿಡ್ಕೊಂಡು ಅವಳ ಬಾಯಿ ಮುಚ್ಚಿಸ್ದೆ. ಅವಳಿಗೆ ಹೇಳಮ್ಮ," ಎಂದರು. ಆ ಸಂಜೆ ಅವರು ಎಂದಿನಂತೆ ನನ್ನನ್ನು ಕಾರಿನವರೆಗೆ ಬಿಡಲು ಬರಲಿಲ್ಲ.

ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ನೀನು ಹಟಮಾರಿಯಾಗಿರಲಿಲ್ಲ. ನಿನ್ನ ಎಣಿಕೆ ಸರಿಯಿತ್ತು, ಅದು ಸರಿಯೆಂದು ಗೊತ್ತಿದ್ದೇ ನಾನು ನಿನ್ನನ್ನು ಸೋಲಿಸಿದೆ. ಮನೆಗೆ ಹೋಗದ ಆ ಎರಡು ಈದ್‌ಗಳನ್ನು ನಿನಗೆ ಹಿಂದಿರುಗಿಸಲು ನನ್ನಿಂದ ಆಗದು. ನೀನು ಬರಬೇಡ ಎನ್ನದಿದ್ದರೆ ಈ ಭಾನುವಾರ ಬರುತ್ತೇನೆ. ಊಟಕ್ಕೆ ಕೂರುವ ಮೊದಲೇ ಎಲ್ಲರೆದುರು, ನನ್ನ ಮಗನೆದುರೂ, ಹೇಳುತ್ತೇನೆ — ಅವತ್ತು ಸುಳ್ಳು ಹೇಳಿದವಳು ನಾನು, ನಿಜ ಹೇಳಿದವಳು ಶಬಾನಾ.