ಹಲಗೆ ಸಂದಿಯಲ್ಲಿ ಕಂಡ ಹಸಿರು ಕಾರು

ನಾನು ಮುಂಡಗೋಡ ಕಡೆಯ ಇಂದೂರದವಳು. ನಮ್ಮೂರಲ್ಲಿ ನೋಡುವಂಥ ಮೋಟಾರೆಂದರೆ ಒಂದು ಬಸ್ಸು, ಅದೂ ಅದಕ್ಕೆ ಮನಸ್ಸು ಬಂದ ದಿನ. ಮದುವೆಯಾಗಿ ದಾಂಡೇಲಿಗೆ ಬಂದು, ಹಳಿಯಾಳ ರಸ್ತೆಗೆ ಹತ್ತಿಕೊಂಡೇ ಇದ್ದ ಮನೆ ಕಂಡಾಗ ಆದ ಖುಷಿ ಗಂಡನನ್ನು ಕಂಡಾಗಲೂ ಆಗಿರಲಿಲ್ಲ. ಇದನ್ನು ಅವರಿಗೂ ಹೇಳಿದ್ದೇನೆ, ನಕ್ಕಿದ್ದಾರೆ.

ಗಂಡನಿಗೆ ಕಾಗದದ ಗಿರಣಿಯಲ್ಲಿ ಪಾಳಿ ಕೆಲಸ. ಮಾವ ಬಡಿಗರು. ಮನೆಯ ಹಿಂದಿನ ಶೆಡ್ಡಿನಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದರು. ಆಗ ಹೊಸ ಲಾರಿ ಪೂರ್ತಿಯಾಗಿ ಬರುತ್ತಿರಲಿಲ್ಲ. ಎಂಜಿನ್, ಗಾಲಿ, ಉದ್ದನೆಯ ಕಬ್ಬಿಣದ ಚೌಕಟ್ಟು, ಅಷ್ಟೇ. ಅದಕ್ಕೆ ಚಾಸಿ ಅನ್ನುತ್ತಿದ್ದರು. ಡ್ರೈವರ್ ಒಂದು ಪೆಟ್ಟಿಗೆಯ ಮೇಲೆ ಕೂತು, ತಲೆಗೆ ಟವೆಲ್ ಸುತ್ತಿ, ಧೂಳಿನ ಕನ್ನಡಕ ಹಾಕಿಕೊಂಡು ಬಿಸಿಲಲ್ಲೇ ಓಡಿಸಿಕೊಂಡು ಬರುತ್ತಿದ್ದ. ತಲೆಯ ಮೇಲೆ ನೆರಳು ಬೇಕೆಂದರೆ ನಮ್ಮ ಮಾವನ ಕೈಯೇ ಬೇಕು.

ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹಲಗೆಯ ಗೋಡೆ, ಒಲೆಯ ಪಕ್ಕದ ಎರಡು ಹಲಗೆಗಳ ನಡುವೆ ಒಂದು ಸಂದಿ. ಅದಕ್ಕೆ ಹಣೆ ಒತ್ತಿ ನಿಂತರೆ ರಸ್ತೆ ಕಾಣುತ್ತಿತ್ತು. ಗೋವಾ ನಮ್ಮದಾದ ಮೇಲೆ ಆ ಕಡೆಯ ಕಾರುಗಳು ಜೋಯಿಡಾದ ಕಾಡು ದಾಟಿ ಬರತೊಡಗಿದ್ದವು. ಒಂದಕ್ಕೆ ಹಿಂದೆ ಮೀನಿನ ರೆಕ್ಕೆ, ಇನ್ನೊಂದು ಥೇಟ್ ಆಮೆ. ರೊಟ್ಟಿ ಎಷ್ಟು ಸೀದವೋ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ವೀಳ್ಯದೆಲೆ ಬಣ್ಣದ ಕಾರೊಂದು ಹೋಯಿತು. ನೆಲ ಸವರುವಷ್ಟು ಗಿಡ್ಡ, ಉದ್ದ ಮೂತಿ, ಸೈಕಲ್ಲಿನ ಹಾಗೆ ತಂತಿಯ ಗಾಲಿ, ಎರಡೇ ಸೀಟು. ಮೇಲೆ ಛಾವಣಿಯೇ ಇಲ್ಲ! ಓಡಿಸುವವನ ತಲೆಗೂದಲು ಗಾಳಿಗೆ ನಿಮಿರಿ ನಿಂತಿತ್ತು.

ಗಂಡನಿಗೆ ಹೇಳಿದೆ. ಅವರು ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದರು. ಅತ್ತೆ, “ಛತ್ತ ಇಲ್ಲದ ಕಾರು ಎಲ್ಲ್ಯರ ಇರ್ತಾವೇನು? ಒಲಿ ಮುಂದ ಕುಂತು ಕನಸ ಕಾಣ್ತಾಳ” ಎಂದರು.

ಮಾವ ತಟ್ಟೆಯಿಂದ ತಲೆ ಎತ್ತದೆ, “ಚಾಸಿ ಇರಬೇಕು. ಬಾಡಿ ಕಟ್ಟಸಾಕ ಹುಬ್ಬಳ್ಳಿಗೆ ಹೊಂಟಿರತೈತಿ” ಎಂದರು. ನನ್ನ ಮಾನ ಉಳಿಸಲೆಂದೇ ಹಾಗೆ ಹೇಳಿದ್ದು. ಆದರೆ ಅದಕ್ಕೆ ಚರ್ಮದ ಸೀಟಿತ್ತು, ಬಣ್ಣ ಮಿರಮಿರ ಮಿಂಚುತ್ತಿತ್ತು ಎಂದು ನಾನು ಹೇಳುವಂತಿರಲಿಲ್ಲ. ಸೊಸೆ ಮಾವನೆದುರು ಬಾಯಿ ತೆರೆಯುವ ಪದ್ಧತಿ ಇರಲಿಲ್ಲ, ಮಾವ ಸೊಸೆಯ ಮುಖ ನೋಡುವ ಪದ್ಧತಿಯೂ ಇರಲಿಲ್ಲ.

ಸುದ್ದಿ ಓಣಿಯವರೆಲ್ಲ ನೀರು ತುಂಬುವ ನಲ್ಲಿಯ ತನಕ ಹೋಯಿತು. “ಬಾಡಿ ಇಲ್ಲದ ಕಾರು ಮತ್ತ ಬಂತೇನವಾ?” ಎಂದು ಹೆಂಗಸರು ಕೇಳತೊಡಗಿದರು. ನನಗೆ ಉರಿದುಹೋಗುತ್ತಿತ್ತು. ಸುಳ್ಳೇ ಹೇಳುವುದಾಗಿದ್ದರೆ ಇನ್ನೂ ಚೆಂದದ ಸುಳ್ಳು ಹೇಳುತ್ತಿರಲಿಲ್ಲವೆ? ಹೊಸದಾಗಿ ಬಂದ ಸೊಸೆಗೆ ಸುಳ್ಳಿ ಎಂಬ ಹೆಸರು ಅಂಟಿತೆಂದರೆ, ನಾಳೆ ಹಾಲು ಬೆಕ್ಕು ಕುಡಿಯಿತು ಅಂದರೂ ಯಾರೂ ನಂಬುವುದಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಮಳೆಗಾಲ ಮುಗಿದ ಮೇಲೆ ಅದು ಮತ್ತೆ ಬಂತು. ಬಂದು, ನಮ್ಮ ಮನೆ ದಾಟಿ ಸ್ವಲ್ಪ ದೂರದಲ್ಲಿ, ಮೂತಿಯಿಂದ ಉಗಿ ಬಿಡುತ್ತ ನಿಂತಿತು. ಓಡಿಸುತ್ತಿದ್ದ ಗೋವಾದ ಸಾಹೇಬರು ಇಳಿದು, ಹಳ್ಳದ ನೀರು ತಂದು ಹೊಯ್ಯತೊಡಗಿದರು. ಗಂಡ ಪಾಳಿಗೆ ಹೋಗಿದ್ದರು, ಅತ್ತೆ ಸಂತೆಗೆ. ಹಿಂದಿನಿಂದ ಮಾವನ ಸುತ್ತಿಗೆಯ ಸಪ್ಪಳ ಮಾತ್ರ ಕೇಳುತ್ತಿತ್ತು. ಇನ್ನೊಂದು ಗಳಿಗೆಗೆ ಕಾರು ಹೊರಟುಬಿಡುತ್ತದೆ, ನಾನು ಸುಳ್ಳಿಯಾಗಿಯೇ ಉಳಿಯುತ್ತೇನೆ. ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಓಡಿ ಕೂಗಿದೆ.

“ಮಾವಾರ, ಲಗೂನ ಬರ್ರಿ!”

ಅವರೊಡನೆ ನಾನಾಡಿದ ಮೊದಲ ಮಾತು ಅದು. ಮನೆಗೆ ಬೆಂಕಿ ಬಿತ್ತೆಂದು ತಿಳಿದು ಸುತ್ತಿಗೆ ಹಿಡಿದೇ ಓಡಿ ಬಂದರು. ನಾನು ರಸ್ತೆಗೆ ಕೈ ತೋರಿಸಿದೆ.

ಸಂದಿಯಿಂದ ನೋಡುತ್ತ ನಿಂತೆ. ಮಾವ ಕಾರಿನ ಸುತ್ತ ಹೋದರು, ಬಗ್ಗಿದರು, ಗೇಣು ಹಾಕಿ ಅಳೆದರು. ಆಮೇಲೆ ಬಲು ಮರ್ಯಾದೆಯಿಂದ ಹೇಳಿದ್ದು ನನಗೂ ಕೇಳಿಸಿತು: “ಸಾಗವಾನಿ ಹಾಕಿ ಚಲೋ ಛತ್ತ ಮಾಡಿ ಕೊಡ್ತೇನ್ರಿ ಸಾಹೇಬ್ರ. ಹುಬ್ಬಳ್ಳಿ ತನಕ ಯಾಕ ಹೋಗ್ತೀರಿ?” ಸಾಹೇಬರು ನಗಲಿಲ್ಲ. ಸೀಟಿನ ಹಿಂದಿನಿಂದ ಮಡಿಚಿದ ಕ್ಯಾನ್ವಾಸ್ ಎಳೆದು ಛತ್ರಿಯ ಹಾಗೆ ಬಿಚ್ಚಿ ತೋರಿಸಿ, ಮರಾಠಿಯಲ್ಲಿ ಏನೋ ವಿವರಿಸಿದರು. ಮಾವ ಸುತ್ತಿಗೆ ಕೆಳಗಿಟ್ಟು, ಆ ಬಾಗಿದ ತಗಡಿನ ಮೇಲೆ ಕೂಸಿನ ಬೆನ್ನು ಸವರಿದಂತೆ ಕೈಯಾಡಿಸಿದರು.

ಸಂಜೆ ಅತ್ತೆಗೆ ಮೊದಲು ಮುಟ್ಟಿದ್ದು ಕಾರಿನ ಸುದ್ದಿಯಲ್ಲ, ನಾನು ಕೂಗಿದ ಸುದ್ದಿ. “ಮಾವನ್ನ ಓಣಿ ತುಂಬ ಕೇಳೂಹಂಗ ಕರದಾಳಂತ!”

“ಕರೀಲಿಲ್ಲಂದ್ರ ನಾ ಸಾಯೂತನಕ ಅದನ್ನ ಚಾಸಿ ಅಂತಿದ್ದೆ” ಎಂದರು ಮಾವ. “ಆಕಿ ಹೇಳಿದ್ದು ಖರೆ. ಬೇಕಂದ್ರ ನಲ್ಲಿಗೂ ಹೋಗಿ ನಾನ ಹೇಳಿ ಬರ್ತೇನಿ.” ಒಲೆಯ ಹೊಗೆಯ ನೆಪದಲ್ಲಿ ನಾನು ಕಣ್ಣೊರೆಸಿಕೊಂಡೆ.

ಮರುದಿನ ಮಾವ ಗರಗಸ ತಂದು ಅಡುಗೆಮನೆಯ ಗೋಡೆ ಕೊಯ್ದು ಕಿಟಕಿ ಕೂರಿಸಿದರು. ಅತ್ತೆ ಗೊಣಗಿದರು, ಅವರು ಕೇಳಿಸಿಕೊಳ್ಳಲಿಲ್ಲ. ಕಿಟಕಿ ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕಿತ್ತು. ನನ್ನ ಕಡೆ ಎಂದೂ ತಲೆ ಎತ್ತದ ಮನುಷ್ಯ ಅಳತೆ ಯಾವಾಗ ತೆಗೆದುಕೊಂಡರೋ ಎಂದು ಸೋಜಿಗಪಟ್ಟೆ.

ಕೊಯ್ದು ತೆಗೆದ ಹಲಗೆಯ ತುಂಡನ್ನು ಒಲೆಗೆಂದು ಎತ್ತಿಕೊಂಡಾಗ ತಿಳಿಯಿತು. ಸಂದಿಯ ಅಂಚಿನಲ್ಲಿ ನನ್ನ ಹಣೆಯ ಎಣ್ಣೆಯ ಜಿಡ್ಡು, ಕುಂಕುಮದ ಕಲೆ. ಅದರ ಪಕ್ಕದಲ್ಲೇ ಮಾವನ ಪೆನ್ಸಿಲ್ಲಿನ ಗೆರೆ. ಆ ತುಂಡನ್ನು ಒಲೆಗೆ ಹಾಕಲು ನನಗೆ ಕೈ ಬರಲಿಲ್ಲ.