ಅಕ್ಕನ ಹೋಮ್‌ಸ್ಟೇಯ ಸುಳ್ಳು ಪುಟ

ಕಡ್ಡಿರಾಂಪುರದಲ್ಲಿ ನನ್ನ ಅಕ್ಕ ಹೋಮ್‌ಸ್ಟೇ ನಡೆಸುತ್ತಾಳೆ. ಯಾರೋ ಅವಳ ಪಡಸಾಲೆಯ ಫೋಟೊ ಕದ್ದು ಸುಳ್ಳು ವೆಬ್‌ಸೈಟ್ ಮಾಡಿ, ಕಂಡಕಂಡವರಿಗೆಲ್ಲ ಅದರ ಮೆಸೇಜ್ ಕಳಿಸುತ್ತಿದ್ದರು. ಅಲ್ಲಿ ದುಡ್ಡು ಕಟ್ಟಿ ಕೋಣೆ ಬುಕ್ ಮಾಡಿ ಬಂದವರು ಅಕ್ಕನನ್ನೇ ಮೋಸಗಾತಿ ಎಂದು ಬೈದು ಹೋಗುತ್ತಿದ್ದರು.

"ಕಾನ್ವೆಂಟಿನ್ಯಾಗ ಓದೀಯಲ್ಲ, ಇಂಗ್ಲಿಷಿನ್ಯಾಗ ಒಂದು ಅರ್ಜಿ ಬರಿಯವ್ವ. ನನ್ನ ಮರ್ಯಾದಿ ಉಳಿಸು," ಎಂದಳು ಅಕ್ಕ.

ವೆಬ್‌ಸೈಟಿನ ಹೆಸರನ್ನು ನೋಂದಾಯಿಸಿಕೊಟ್ಟ ಕಂಪನಿಗೆ ದೂರು ಕೊಡಬೇಕೆಂದು ತಿಳಿದುಕೊಂಡು, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ರಜಾ ಅರ್ಜಿಯ ಧಾಟಿಯಲ್ಲೇ ಬರೆದೆ. ಅಕ್ಕನ ಒಳ್ಳೆಯತನ, ಅವಳ ಜೋಳದ ರೊಟ್ಟಿ, ಬಾಗಿಲ ಮುಂದಿನ ರಂಗೋಲಿ ಎಲ್ಲವೂ ಅದರಲ್ಲಿ ಬಂದವು. ಮರುದಿನವೇ ಉತ್ತರ ಬಂತು. ನಿಮ್ಮ ಅಕ್ಕನವರಿಗಾದ ತೊಂದರೆಗೆ ವಿಷಾದವಿದೆ, ದಯವಿಟ್ಟು ಆ ವೆಬ್‌ಸೈಟಿನ ವಿಳಾಸ ತಿಳಿಸಿ ಎಂದಿದ್ದರು. ನಾನು ಅದೊಂದನ್ನೇ ಬರೆದಿರಲಿಲ್ಲ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೊಟ್ಟಿ ಬರದಿ, ವಿಳಾಸ ಬಿಟ್ಟಿ! ಭಾಳ ಶಾಣ್ಯಾಕಿ ನೀ."

ವಿಳಾಸ, ಬಂದಿದ್ದ ಮೆಸೇಜು, ಅಕ್ಕನ ಹತ್ತಿರವಿದ್ದ ಮೂಲ ಫೋಟೊ ಕಳಿಸಿದೆವು. ಮೂರನೆಯ ದಿನ ಬೆಳಿಗ್ಗೆ ಫೋನಿನಲ್ಲಿ ನೋಡಿದರೆ ಆ ಪುಟ ತೆರೆಯಲೇ ಇಲ್ಲ. ಯಾವುದೋ ದೇಶದಲ್ಲಿ, ನಮ್ಮ ಮುಖವನ್ನೇ ಕಾಣದ ಯಾರೋ ಒಬ್ಬರು ನನ್ನ ಪತ್ರ ಓದಿ, ಜಗತ್ತಿನ ಫೋನುಗಳಿಂದೆಲ್ಲ ಆ ಸುಳ್ಳನ್ನು ತೆಗೆದುಹಾಕಿದ್ದರು.

ಅಕ್ಕನಿಗೆ ನಂಬಿಕೆ ಬರಲಿಲ್ಲ. "ಸಂಡೂರಿನ್ಯಾಗೂ ಹೋಗೇತೇನು ಕೇಳೂಣ ತಡಿ," ಎಂದು ಅಲ್ಲಿಯ ಬೀಗರಿಗೆ ಫೋನ್ ಹಚ್ಚಿದಳು. ಅಲ್ಲಿಯೂ ತೆರೆಯಲಿಲ್ಲವಂತೆ.

ಫೋನ್ ಕೆಳಗಿಟ್ಟು ಮೆಲ್ಲಗೆ ಹೇಳಿದಳು: "ಇನ್ನ ಬಾಗಿಲಿಗೆ ಬಂದವರು ನನ್ನ ಬೈಯಂಗಿಲ್ಲ."